ಗಂಜಿ ಹಾಕಿದ ಕವರಾಲ್

ಅಂಬಲಮುಗಳಿನ ಸಣ್ಣದೊಂದು ರಾಸಾಯನಿಕ ಕಾರ್ಖಾನೆಯಲ್ಲಿ ನಮಗೆಲ್ಲ ಸುಲಭಕ್ಕೆ ಬೆಂಕಿ ಹತ್ತದ, ಅಂಗಿ-ಪ್ಯಾಂಟು ಒಂದೇ ಆಗಿ ಹೊಲಿದ ನೀಲಿ ಕವರಾಲ್ ಕೊಟ್ಟಿದ್ದರು. ಮೈಸೂರಿನಿಂದ ನನ್ನ ಜೊತೆಗಿರಲು ಬಂದ ಅಮ್ಮನಿಗೆ ಅದರ ಸುಕ್ಕು ಸಹಿಸಲಾಗಲಿಲ್ಲ. "ಇಂಜಿನಿಯರ್ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವೇನೋ?" ಎಂದು ಬೈದು, ಅನ್ನ ಬಸಿದ ಗಂಜಿಯಲ್ಲಿ ಅದನ್ನು ಅದ್ದಿ ಒಣಗಿಸಿ, ಗರಿಗರಿಯಾಗಿ ಇಸ್ತ್ರಿ ಮಾಡಿಕೊಟ್ಟಳು.

ಸುರಕ್ಷತಾ ದಿನದಂದು ಮ್ಯಾನೇಜರು ನನ್ನನ್ನು ವೇದಿಕೆಗೆ ಕರೆದರು. ಸುರಕ್ಷತಾ ಉಡುಪನ್ನು ಹೀಗೆ ಗೌರವದಿಂದ ತೊಡಬೇಕೆಂದು ಎಲ್ಲರಿಗೂ ತೋರಿಸಿ, ಸ್ಟೀಲ್ ಫ್ಲಾಸ್ಕೊಂದನ್ನು ಬಹುಮಾನ ಕೊಟ್ಟರು. ಆಮೇಲೆ ಮಾತಾಡಿದ ತರಬೇತುದಾರರು, ಈ ಬಟ್ಟೆಗೆ ಗಂಜಿ ಮಾತ್ರ ಹಾಕಬೇಡಿ, ಬಟ್ಟೆ ಉರಿಯದಿದ್ದರೂ ಗಂಜಿ ಉರಿಯುತ್ತದೆ ಎಂದರು. ನಾನು ಅವರ ಪಕ್ಕದಲ್ಲೇ ಹಪ್ಪಳದಂತೆ ಸೆಟೆದು ನಿಂತಿದ್ದೆ.

ಮನೆಗೆ ಬಂದು ಅಮ್ಮನ ಮೇಲೆ ರೇಗಿದೆ. ಅವಳು ಫ್ಲಾಸ್ಕನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೇಳಿದಳು: "ಮತ್ತೆ ಇದನ್ನ ಯಾತಕ್ಕೋ ಕೊಟ್ರು? ನನ್ನ ಗಂಜಿಗೆ ತಾನೆ?"