ಹುಲಿ ಬರುವ ಮೊದಲೇ ನಕ್ಕವರು

ನಾನಿನ್ನೂ ಚಿಕ್ಕವಳು, ಜರ್ಮನಿಯ ಆಖೆನ್‌ನಲ್ಲಿ ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದೆ. ನಮ್ಮ ಮೇಲಿನ ಮನೆಯ ಹುಡುಗಿ ನನ್ನ ಗೆಳತಿ, ನನ್ನದೇ ತರಗತಿ. ಅವಳ ಅಜ್ಜಿ ಚೀನಾದಿಂದ ಬಂದಿದ್ದರು. ಲೈಬ್ರರಿಯಲ್ಲಿ ಅವರಿಗೊಂದು ಚಿತ್ರಪುಸ್ತಕ ಸಿಕ್ಕಿತ್ತು. ಅದರಲ್ಲಿ ಮುದುಕಿಯ ಬಾಗಿಲು ತಟ್ಟುವ ಹುಲಿಯ ಕಥೆ. ಎಡಗಡೆ ಚೀನೀ ಭಾಷೆ, ಬಲಗಡೆ ಜರ್ಮನ್. ಊರಿಗೆ ಹಿಂದಿರುಗುವ ಮೊದಲು ಮೊಮ್ಮಗಳ ತರಗತಿಯಲ್ಲಿ ಅದನ್ನು ಓದಬೇಕೆಂಬುದು ಅವರ ಆಸೆ.

ಜರ್ಮನ್ ಭಾಗ ಓದಲು ನಮ್ಮಕ್ಕ ಒಪ್ಪಿದಳು. ಸಂಜೆ ನಮ್ಮ ಅಡುಗೆಮನೆಯಲ್ಲಿ ಇಬ್ಬರೂ ಕೂತು ಓದಿ ನೋಡುತ್ತಿದ್ದರು. ಅಜ್ಜಿಯ ಸ್ವೆಟರಿಗೆ ನೋವಿನ ಮುಲಾಮಿನ ವಾಸನೆಯಿತ್ತು. ಅವರು ಸಾಲಿನ ಮೇಲೆ ಬೆರಳಾಡಿಸುತ್ತ ಓದುತ್ತಿದ್ದರು. ಹುಲಿ ಬಂದಾಗ ಬೆರಳಿನಿಂದ ಮೇಜು ಕುಟ್ಟುತ್ತಿದ್ದರು.

"ಕನ್ನಡ ಪುಸ್ತಕ ಕೊಟ್ರೆ ತಲೆನೋವು. ಚೀನಾ ಹುಲಿಗೆ ಮಾತ್ರ ದಿನಾ ಪ್ರಾಕ್ಟೀಸು," ಎಂದು ಅಪ್ಪ ಅಕ್ಕನನ್ನು ಕೆಣಕುತ್ತಿದ್ದರು.

ಅಕ್ಕನ ಶಾಲೆಗೆ ರಜೆಯಿದ್ದ ದಿನ ನಾವೆಲ್ಲ ಹೋದೆವು. ಅಜ್ಜಿ ಮೊದಲ ಸಾಲು ಓದುತ್ತಲೇ ಮಕ್ಕಳು ನಕ್ಕರು. ಹುಲಿ ಇನ್ನೂ ಬಂದೇ ಇರಲಿಲ್ಲ. ಹಿಂದೆ ಕೂತ ಇಬ್ಬರು ಚೀನಿಯರಂತೆ ಕಾಣಲು ಕಣ್ಣಿನ ತುದಿ ಎಳೆದುಕೊಂಡು ಆ ಭಾಷೆಯನ್ನು ಅಣಕಿಸಿದರು. ಕಥೆ ಹಿಡಿಸಿತೆಂದು ಅಜ್ಜಿಗೆ ಹಿಗ್ಗು. ದನಿ ಏರಿಸಿದರು, ತಲೆ ಆಡಿಸಿ ಓದಿದರು. ನಗು ಜೋರಾಯಿತು. ಗೆಳತಿಯ ಕಿವಿ ಕೆಂಪಾಗಿತ್ತು.

"ಓಮಾ, ಸಾಕು," ಎಂದಳು ಅವಳು ಜರ್ಮನ್‌ನಲ್ಲಿ. ಮನೆಯಲ್ಲಿ ಎಂದೂ ಅವಳು ಅಜ್ಜಿಯನ್ನು ಹಾಗೆ ಕರೆದವಳಲ್ಲ. ಆಮೇಲೆ ಅವಳೂ ಎಲ್ಲರ ಜೊತೆ ನಕ್ಕಳು. ಮೊಮ್ಮಗಳು ನಕ್ಕದ್ದು ಕಂಡು ಅಜ್ಜಿ ಕೊನೆಯ ಪುಟದವರೆಗೂ ಓದಿದರು.

ಮನೆಗೆ ಬರುವಾಗ ಅವರು ಮೊಮ್ಮಗಳನ್ನು ಏನೋ ಕೇಳಿದರು. ಅವಳು ಬಿರಬಿರನೆ ಮುಂದೆ ನಡೆದಳು. ಅಜ್ಜಿ ಅಕ್ಕನತ್ತ ತಿರುಗಿ, ಪುಸ್ತಕ ತೋರಿಸಿ, ಎದೆ ಮುಟ್ಟಿಕೊಂಡು ಹುಬ್ಬೇರಿಸಿದರು. ಮಕ್ಕಳಿಗೆ ಇಷ್ಟವಾಯಿತೇ ಎಂದು. ಅಕ್ಕ ಹೌದೆಂದು ತಲೆಯಾಡಿಸಿದಳು.

"ಯಾಕೆ ಸುಳ್ಳು ಹೇಳ್ದೆ?" ಎಂದು ಆಮೇಲೆ ಅವಳನ್ನು ಕೇಳಿದೆ.

"ಹಾಗಾದ್ರೆ ನೀನೇ ಮೇಲೆ ಹೋಗಿ ನಿಜ ಹೇಳು," ಎಂದಳು.

ನಾನು ಹೋಗಲಿಲ್ಲ. ಅದೇ ವಾರ ಅಜ್ಜಿ ಊರಿಗೆ ಹೊರಟರು.

ಈಗ ನಿಮ್ಮಂಥ ಮಕ್ಕಳ ಬಳಿ ಮಾತಾಡುವ ಪೆನ್ನಿದೆ. ಪುಟದ ಮೇಲಿಟ್ಟರೆ ಯಾವ ಭಾಷೆಯಲ್ಲಿ ಬೇಕೋ ಆ ಭಾಷೆಯಲ್ಲಿ ಓದುತ್ತದೆ. ನೀವು ನಕ್ಕರೂ, ನಡುವೆ ಎದ್ದು ಹೋದರೂ ಅದರ ದನಿ ಬದಲಾಗುವುದಿಲ್ಲ. ಓದಿ ಮುಗಿಸಿ, ಇಷ್ಟವಾಯಿತೇ ಎಂದು ಅದು ಯಾರ ಮುಖವನ್ನೂ ನೋಡುವುದಿಲ್ಲ.