ಮೂರು ಅಂಚು ಕತ್ತರಿಸತಕ್ಕದ್ದು

ಬೈಂಡರಮ್ಮನ ಅಂಗಡಿಗೆ ಜಗಳಕ್ಕೆಂದೇ ಯಾರೂ ಬಂದವರಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಬಂದವರೆಲ್ಲ "ಯಾವಾಗ ಕೊಡ್ತೀರಿ" ಎಂದು ಕೇಳಿದವರೇ ಹೊರತು "ಯಾಕೆ ಹೀಗೆ ಮಾಡಿದ್ರಿ" ಎಂದು ಕೇಳಿದವರಲ್ಲ. ಹಾಗಾಗಿ ಆ ಮಂಗಳವಾರ ಬೆಳಿಗ್ಗೆ, ಕೆಲಸದಿಂದ ನಿವೃತ್ತರಾದ ನರ್ಸಮ್ಮ ಏದುಸಿರು ಬಿಡುತ್ತ ಮೂರು ಮೆಟ್ಟಿಲು ಹತ್ತಿ ಬಂದು, ಗ್ರಂಥಾಲಯದ ಮೊಹರಿದ್ದ ಪುಸ್ತಕವೊಂದನ್ನು ಮೇಜಿನ ಮೇಲೆ ಪಟ್ಟೆಂದು ಹಾಕಿ, "ಇವಳ ಕೈ ಕತ್ತರಿಸಿದ್ದು ಯಾರು?" ಎಂದಾಗ ಬೈಂಡರಮ್ಮನ ಕೈಯಲ್ಲಿದ್ದ ಅಂಟಿನ ಬ್ರಷ್ಷು ಹಾಗೇ ನಿಂತಿತು.

"ಯಾರ ಕೈ?"

"ದೋಣಿಯವಳದ್ದು."

ಮೂಲೆಯ ಸ್ಟೂಲಿನಲ್ಲಿ ಕೂತು ಹೊಲಿಗೆಯ ನೂಲಿಗೆ ಮೇಣ ಸವರುತ್ತಿದ್ದ ಮಾವ ತಲೆಯೆತ್ತಿದರು. "ಕೈಕಾಲಿನ ವಿಚಾರ ಆದ್ರೆ ಆಸ್ಪತ್ರೆ ಪಕ್ಕದ ಬೀದಿ ಕಣಮ್ಮ."

"ಮೂವತ್ತೆಂಟು ವರ್ಷ ಅಲ್ಲೇ ಇದ್ದೆ ಯಜಮಾನ್ರೇ, ದಾರಿ ಗೊತ್ತು. ನಿಮ್ಮ ಅಂಗಡಿ ಸೀಲು ಇದರ ಹಿಂದಿನ ರಟ್ಟಿನ ಮೇಲಿದೆ. ಅದಕ್ಕೇ ಇಲ್ಲಿಗೆ ಬಂದೆ."

ಸೀಲು ಇದ್ದದ್ದು ನಿಜ. ಬೈಂಡರಮ್ಮನಿಗೆ ಆ ಸೀಲಿನ ಬಗ್ಗೆ ಹೆಮ್ಮೆಯೂ ಇತ್ತು. ಗ್ರಂಥಾಲಯದಲ್ಲಿ ಬೆನ್ನು ಬಿಟ್ಟ, ಹಾಳೆ ಉದುರಿದ ಪುಸ್ತಕಗಳು ಗಂಟು ಕಟ್ಟಿಕೊಂಡು ಈ ಅಂಗಡಿಗೆ ಬರುತ್ತಿದ್ದವು. ಇವಳು ಅವಕ್ಕೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ಕಟ್ಟಿ, ಕಡೆಗೆ ಕಟಿಂಗ್ ಮಷೀನಿನ ಅಲಗಿನ ಕೆಳಗೆ ಇಟ್ಟು ಮೂರು ಬದಿಯಲ್ಲೂ ಅರ್ಧರ್ಧ ಬೆರಳಗಲ ಕತ್ತರಿಸಿ ಒಪ್ಪ ಮಾಡಿ ಕಳಿಸುತ್ತಿದ್ದಳು. ಕೆಲಸ ಕಲಿಸಿದ್ದು ಇದೇ ಮಾವ. ಕಲಿಸುವಾಗ ಹೇಳಿದ್ದು ಎರಡೇ ಮಾತು. ಅಂಚು ಕತ್ತರಿಸದ ಪುಸ್ತಕ ಅಂದ್ರೆ ತಲೆ ಬಾಚದೆ ಮದುವೆಗೆ ಹೊರಟ ಹಾಗೆ, ಅಂತ ಒಂದು. ಬೈಂಡರ್ ಓದೋಕೆ ಕೂತ್ರೆ ಅಂಗಡಿ ಬಾಗಿಲು ಹಾಕ್ಕೊಂಡ ಹಾಗೆ, ಅಂತ ಇನ್ನೊಂದು. ಎರಡನ್ನೂ ಅವಳು ಪಾಲಿಸಿದ್ದಳು. ಸಾವಿರಾರು ಪುಸ್ತಕಗಳ ಬೆನ್ನು ನೇರ ಮಾಡಿದ ಈ ಹೆಂಗಸಿನ ಹತ್ತಿರ ಗ್ರಂಥಾಲಯದ ಕಾರ್ಡೇ ಇರಲಿಲ್ಲ.

"ಎಲ್ಲ ಪುಸ್ತಕಕ್ಕೂ ಹೀಗೇ ಮಾಡೋದು ಅಮ್ಮ. ಒಂದಕ್ಷರ ಹೋಗಿದ್ರೆ ತೋರಿಸಿ" ಎಂದಳು.

"ಅಕ್ಷರ ಇದ್ರೆ ತಾನೆ ಹೋಗೋಕೆ? ಇದು ಚಿತ್ರದ ಕಥೆ. ಹನ್ನೆರಡು ಸಂಪುಟ. ಇದು ಮೂರನೇದು. ದೋಣಿಯವಳು ಮಾತೇ ಆಡಲ್ಲ, ಎಲ್ಲ ಕೈಯಲ್ಲೇ." ನರ್ಸಮ್ಮ ಪುಟ ತೆರೆದು ಬೆರಳಿಟ್ಟರು. ನದಿ. ಆಚೆ ದಡದ ಜೊಂಡಿನಲ್ಲಿ ತಪ್ಪಿಸಿಕೊಂಡು ಬಂದ ಆರು ಜನ. ಈಚೆ ದಡದ ಗುಡಿಸಲ ಹಿಂದೆ ಬಂದೂಕಿನವರು. ಪುಟದ ಬಲ ಅಂಚಿನಲ್ಲಿ ದೋಣಿಯವಳು, ಸುಮ್ಮನೆ ನಿಂತಿದ್ದಾಳೆ. ಮುಂದಿನ ಪುಟದಲ್ಲಿ ಮಂಜು ಮತ್ತು ಖಾಲಿ ನೀರು.

"ಆ ಆರು ಜನರನ್ನ ಇವಳೇ ಹಿಡಿಸಿಕೊಟ್ಳು ಅಂದ್ಕೊಂಡೆ. ನಾಲ್ಕು, ಐದು ಓದುವಾಗ ಇವಳಿಗೆ ಬೈದಷ್ಟು ನಮ್ಮತ್ತೆಗೂ ಬೈದಿಲ್ಲ ನಾನು. ಆರಕ್ಕೆ ಬಂದ್ರೆ ಅದೇ ಆರು ಜನ ಇವಳನ್ನ ತಬ್ಬಿಕೊಂಡು ಅಳ್ತಾರೆ! ಏನೋ ಎಡವಟ್ಟಾಗಿದೆ ಅಂತ ವಾಪಸ್ ಬಂದು ಮೂರನೇದು ನೋಡ್ತೀನಿ, ಮಣಿಕಟ್ಟಿನಿಂದ ಆಚೆ ಕೈಯೇ ಇಲ್ಲ."

ಬೈಂಡರಮ್ಮ ನೋಡಿದಳು. ಮಣಿಕಟ್ಟಿನ ಆಚೆ ಕೈ ಇರಲಿಲ್ಲ. ಅಲ್ಲಿದ್ದದ್ದು ಅಲಗಿನ ನೇರ ಗೆರೆ, ತನ್ನ ಕೈಚಳಕ.

ನರ್ಸಮ್ಮ ಪುಸ್ತಕ ಅಲ್ಲೇ ಬಿಟ್ಟು ಹೊರಟಮೇಲೆ ಅವಳು ಮಷೀನಿನ ಕೆಳಗಿದ್ದ ರದ್ದಿಯ ಚೀಲ ಎಳೆದು ನೆಲದ ಮೇಲೆ ಸುರಿದಳು. ಒಂದು ತಿಂಗಳ ಅಂಚುಗಳು. ಬಿಳಿಯ ರಾಶಿಯ ನಡುವೆ ಬಣ್ಣದ ಎಳೆಗಳು, ಬೆರಳಗಲವೂ ಇಲ್ಲದ ಪಟ್ಟಿಗಳು.

"ಏನಮ್ಮಾ ಇದು, ಕೋಳಿ ಕೆದಕಿದ ಹಾಗೆ" ಎಂದರು ಮಾವ.

"ಕೈ ಹುಡುಕ್ತಿದೀನಿ ಮಾವ."

ಮಧ್ಯಾಹ್ನದ ಊಟದ ಹೊತ್ತಿಗೆ ಸಿಕ್ಕಿತು. ನದಿಯ ನೀಲಿಯ ಮೇಲೆ ಪುಟ್ಟ ಅಂಗೈ, ಐದೂ ಬೆರಳು ಅಗಲಿಸಿ ಎತ್ತಿದ್ದು. ಬರಬೇಡಿ, ಹಿಂದಕ್ಕೆ ಹೋಗಿ ಎನ್ನುವ ಕೈ. ಆರು ಜೀವ ಉಳಿಸಿದ ಕೈ. ಅದನ್ನು ಅಲಗಿನ ಕೆಳಗೆ ಕೊಟ್ಟು, ಒಬ್ಬಳು ಧೀರೆಯನ್ನು ದ್ರೋಹಿ ಮಾಡಿ, ಹಿಂದೆ ಸೀಲೂ ಒತ್ತಿ ಕಳಿಸಿದ್ದೆನಲ್ಲ ಎಂದುಕೊಂಡಳು ಬೈಂಡರಮ್ಮ. ತೆಳು ಕಾಗದದ ಆಸರೆ ಕೊಟ್ಟು ಪಟ್ಟಿಯನ್ನು ಅದರ ಜಾಗಕ್ಕೆ ಅಂಟಿಸಿದಳು. ಜೋಡಿಸಿದ ಗೆರೆ ಕಾಣುತ್ತಿತ್ತು. ಕಾಣಲಿ ಎಂದೇ ಬಿಟ್ಟಳು.

ಮಾರನೆಯ ದಿನವೇ ಹೋಗಿ ಕಾರ್ಡು ಮಾಡಿಸಿದಳು. ಒಂದನೆಯ ಸಂಪುಟದಿಂದ ಶುರು. ಅಂಟು ಬಳಿದ ಪುಸ್ತಕಗಳನ್ನು ಪ್ರೆಸ್ಸಿನಲ್ಲಿ ಬಿಗಿದಮೇಲೆ ಅವು ಒಣಗುವ ತನಕ ಬೈಂಡರಿಗೆ ಬಿಡುವು. ಇಷ್ಟು ವರ್ಷ ಆ ಬಿಡುವಿನಲ್ಲಿ ಅವಳು ನೆಲ ಗುಡಿಸುತ್ತಿದ್ದಳು. ಈಗ ಕಿಟಕಿಯ ಹತ್ತಿರ ಕೂತು ಓದತೊಡಗಿದಳು. ಚಿತ್ರದ ಪುಸ್ತಕ ಬೇಗ ಮುಗಿಯುತ್ತದೆ ಎನ್ನುವವರು ಎಂದೂ ಅದನ್ನು ಓದಿದವರಲ್ಲ. ಒಂದು ಪುಟದಲ್ಲಿ ದೋಣಿಯವಳು ಹುಟ್ಟು ಹಾಕುವ ಭುಜ ಬದಲಿಸಿದ್ದಾಳೆ. ಯಾಕೆ ಬದಲಿಸಿದಳೆಂದು ತಿಳಿಯಲು ಎಂಟು ಪುಟ ಹಿಂದಕ್ಕೆ ಹೋಗಬೇಕು. ನೋವು ಅಲ್ಲಿ ಒಂದು ಸಣ್ಣ ಗೆರೆಯಾಗಿ ಕೂತಿರುತ್ತದೆ.

"ಚಿತ್ರ ನೋಡೋ ವಯಸ್ಸೇನಮ್ಮ ನಿಂದು?" ಮಾವನ ಚುಚ್ಚು.

"ಬೆಳಿಗ್ಗೆ ಪೇಪರ್ ಬಂದ ತಕ್ಷಣ ನೀವು ಮೊದಲು ನೋಡೋದು ಏನು ಮಾವ? ಸಂಪಾದಕೀಯನಾ?"

ಮೊದಲು ವ್ಯಂಗ್ಯಚಿತ್ರ ನೋಡಿ, ಆಮೇಲೆ ಪೇಪರನ್ನು ಮುಖಕ್ಕೆ ಮುಚ್ಚಿಕೊಂಡು ನಿದ್ದೆ ಹೋಗುವ ಮಾವ ನೂಲಿಗೆ ಮೇಣ ಸವರುವುದರಲ್ಲಿ ಮಗ್ನರಾದರು.

ಐದರ ತನಕದ ಸಂಪುಟಗಳನ್ನು ಅವಳೇ ಬೈಂಡ್ ಮಾಡಿದ್ದಳು. ಒಂದರಲ್ಲಿ ಮಗುವಿನ ಪಾದ ಹೋಗಿತ್ತು, ಎರಡರಲ್ಲಿ ನಾಯಿಯ ಬಾಲ. ಐದರಲ್ಲಿ ಮುದುಕನೊಬ್ಬ ಬಾಗಿಲಲ್ಲಿ ನಿಂತು ಏನನ್ನೋ ಕೊಡುತ್ತಿದ್ದ. ಏನು ಕೊಟ್ಟ ಎಂಬುದು ಯಾವತ್ತೋ ರದ್ದಿಗೆ ಹೋಗಿತ್ತು. ಆರನೆಯದಕ್ಕೆ ಬಂದಾಗ ಪುಟಗಳು ಒಮ್ಮೆಲೇ ಅಗಲವಾದಂತೆ ಅನ್ನಿಸಿತು. ಅಂಚಿನವರೆಗೂ ನದಿ, ಅಂಚಿನವರೆಗೂ ಜನ. ಆದರೆ ಪುಸ್ತಕದ ಬೆನ್ನು ಬಿಟ್ಟಿತ್ತು. ಕಪಾಟಿನಲ್ಲಿ ನೋಡಿದರೆ ಏಳರಿಂದ ಹನ್ನೆರಡರವರೆಗೂ ಅದೇ ಗತಿ. ಮುಂದಿನ ತಿಂಗಳ ಗಂಟಿನಲ್ಲಿ ಇವೆಲ್ಲ ತನ್ನ ಅಲಗಿನ ಕೆಳಗೇ ಬರುತ್ತವೆ ಎಂದು ಅವಳಿಗೆ ಆಗ ಹೊಳೆಯಿತು.

ಗ್ರಂಥಾಲಯದ ಸೂಪರಿಂಟೆಂಡೆಂಟರ ಕೋಣೆಗೆ ಹೋದಳು. ಅವರು ಕೆಟ್ಟವರೇನಲ್ಲ. ಕೂರಲು ಹೇಳಿದರು, ಫ್ಯಾನು ಜೋರು ಮಾಡಿದರು.

"ಸರ್, ಈ ಏಳು ಸಂಪುಟಕ್ಕೆ ಅಂಚು ಕತ್ತರಿಸಲ್ಲ ನಾನು. ಮಡಿಕೆ ಮಡಿಕೆಗೂ ಸೂಜಿ ಹಾಕಿ ಕೈಯಲ್ಲೇ ಹೊಲಿದು ಕೊಡ್ತೀನಿ. ಮೂರರಷ್ಟು ಹೊತ್ತು ಹಿಡಿಯುತ್ತೆ, ಹಿಡೀಲಿ. ಹೆಚ್ಚಿಗೆ ಏನೂ ಕೇಳಲ್ಲ."

ಅವರು ಕಡತದಿಂದ ಒಂದು ಹಾಳೆ ತೆಗೆದು ಅವಳತ್ತ ತಿರುಗಿಸಿದರು. "ಷರತ್ತು ಒಂಬತ್ತು. ಮೂರು ಅಂಚು ಸಮನಾಗಿ ಕತ್ತರಿಸತಕ್ಕದ್ದು. ಕತ್ತರಿಸದೆ ರಟ್ಟು ಕಟ್ಟಿದ್ರೆ ಎತ್ತರ ಹೆಚ್ಚಾಗಿ ನಮ್ಮ ರ‍್ಯಾಕಿಗೆ ಹಿಡಿಸಲ್ಲಮ್ಮ."

"ರ‍್ಯಾಕಿನ ಹಲಗೆ ಒಂದು ತೂತು ಮೇಲಕ್ಕೆ ಏರಿಸಿದ್ರೆ ಹಿಡಿಸುತ್ತೆ ಸರ್. ನಾಲ್ಕು ನಟ್ಟು. ನಮ್ಮನೆಯವರನ್ನ ಕಳಿಸ್ತೀನಿ, ಅರ್ಧ ಗಂಟೆ ಕೆಲಸ."

"ಅದು ಬೇರೆ ಇಲಾಖೆ."

"ಹೋಗಲಿ, ಇದರಲ್ಲಿ ಒಂದು ಪುಟ ನೋಡಿ ಸರ್. ಒಂದೇ ಒಂದು."

"ಚಿತ್ರದ ಪುಸ್ತಕಕ್ಕೆ ಇಷ್ಟೊಂದು ಯಾಕೆ ತಲೆ ಕೆಡಿಸ್ಕೊಳ್ತೀರಿ? ನಿಮಗಾಗಲ್ಲ ಅಂದ್ರೆ ಬಿಡಿ, ದೊಡ್ಡ ಬೈಂಡಿಂಗ್ ಕಾರ್ಖಾನೆಗೆ ಕಳಿಸ್ತೀವಿ. ಅವರು ನೂರು ಪುಸ್ತಕ ಒಂದೇ ಏಟಿಗೆ ಕತ್ತರಿಸ್ತಾರೆ."

ಓದುವವರ ಕಣ್ಣಿಗಿಂತ ಕಬ್ಬಿಣದ ಕಪಾಟಿನ ಎತ್ತರ ದೊಡ್ಡದೆಂದು ತೀರ್ಮಾನಿಸಿದವರು ಯಾರು? ಹುಡುಕಿಕೊಂಡು ಹೋದರೆ ಯಾರೂ ಇಲ್ಲ, ಒಂದು ಹಾಳೆ ಇದೆ. ಇಂಥ ಹಾಳೆಗಳಿಗೆ ಅಪ್ಪ ಅಮ್ಮ ಇರುವುದಿಲ್ಲ, ಆದರೂ ವಂಶ ಬೆಳೆಯುತ್ತಲೇ ಇರುತ್ತದೆ. ಅದರ ಮುಂದೆ ಕೂತವರು ಒಳ್ಳೆಯವರಾಗಿಯೇ ಇರುತ್ತಾರೆ, ಫ್ಯಾನು ಹಾಕುತ್ತಾರೆ, ಕೈ ಕತ್ತರಿಸಲು ಕಳಿಸುತ್ತಾರೆ.

ಹೊರಗೆ ಬಂದ ಬೈಂಡರಮ್ಮನ ಮುಖ ನೋಡಿ, ಓದುಗರಿಗೆ ಪುಸ್ತಕ ಎರವಲು ಬರೆದುಕೊಡುವ ಕೌಂಟರಿನಾಕೆ ಡ್ರಾಯರಿನೊಳಗೆ ಏನೋ ಹುಡುಕುವವರಂತೆ ತಲೆ ತಗ್ಗಿಸಿದರು. ಡ್ರಾಯರಿಗೇ ಹೇಳುವಂತೆ ಹೇಳಿದರು: "ಕಪಾಟಿನಲ್ಲಿರೋ ಪುಸ್ತಕನ ಮಾತ್ರ ಬೈಂಡಿಂಗಿಗೆ ಕಳಿಸಬಹುದು. ಓದುಗರ ಕೈಲಿರೋದನ್ನ ಕಳಿಸೋ ಹಾಗಿಲ್ಲ. ಅದೂ ಷರತ್ತೇ. ಹದಿನಾಲ್ಕನೇದು."

ಒಂದು ಕಾರ್ಡಿಗೆ ಎರಡು ಪುಸ್ತಕ, ಹದಿನೈದು ದಿನ. ಉಳಿದಿರುವುದು ಏಳು ಸಂಪುಟ. ಲೆಕ್ಕ ಸುಲಭವಿತ್ತು, ನಾಲ್ಕು ಕಾರ್ಡು ಸಾಕು. ನರ್ಸಮ್ಮನದು ಇತ್ತು, ತನ್ನದು ಇತ್ತು. ವ್ಯಾನ್ ಓಡಿಸುವ ಗಂಡನನ್ನು ಎಳೆದುಕೊಂಡು ಹೋಗಿ ಮಾಡಿಸಿದಳು. ನಾಲ್ಕನೆಯದಕ್ಕೆ ಮಾವನ ಮುಂದೆ ಅರ್ಜಿ ಹಿಡಿದಳು.

"ನನಗ್ಯಾಕೆ? ನಾನು ಓದಲ್ಲ."

"ಓದಬೇಡಿ ಮಾವ. ಮನೇಲಿ ಇಟ್ಕೊಂಡಿರಿ, ಅಷ್ಟೇ."

"ಗ್ರಂಥಾಲಯದ ಕೆಲಸ ಹೋದ್ರೆ ಈ ಅಂಗಡಿ ಅರ್ಧ ಖಾಲಿ, ಗೊತ್ತಾ?"

"ಗೊತ್ತು."

"ಗೊತ್ತಿದ್ದೂ ಮಾಡ್ತೀಯಾ?"

"ನೀವೇ ಕಲಿಸಿದ ಕೆಲಸ ಮಾವ ಇದು. ಹರಿದಿದ್ದನ್ನ ಜೋಡಿಸೋದು ಅಂತ ಕಲಿಸಿದ್ರಿ. ಇದ್ದಿದ್ದನ್ನ ಹರಿಯೋದು ಅಂತ ಅಲ್ಲ."

ಮಾವ ಸಹಿ ಹಾಕಿದರು. ಅವರ ಪಾಲಿಗೆ ಏಳು ಮತ್ತು ಎಂಟು ಬಂದವು. ಮೂರನೆಯ ದಿನ ಸ್ಟೂಲಿನಿಂದ ಗುಡುಗು ಕೇಳಿತು. "ಇದೇನು, ಗೋಡೆ ಅರ್ಧಕ್ಕೆ ನಿಂತ ಮನೆಗೆ ಬಾಡಿಗೆಗೆ ಕಳಿಸಿದ ಹಾಗೆ! ಈ ಹೆಂಗಸಿನ ದೋಣಿ ಸುಟ್ಟವರ್ಯಾರು? ಆರನೇದು ಯಾರ ಹತ್ರ ಇದೆ?"

"ನಿಮ್ಮ ಮಗನ ಹತ್ರ."

"ಆ ಸೋಮಾರಿ ಇನ್ನೂ ಮುಗಿಸಿಲ್ವಾ? ಇಸ್ಕೊಂಡು ಬಾ."

ಮುಂದಿನ ತಿಂಗಳು ಗಂಟು ಕಟ್ಟಲು ಬಂದವರಿಗೆ ಆ ಏಳು ಸಂಪುಟಗಳ ಜಾಗದಲ್ಲಿ ಧೂಳಿನ ಗೆರೆ ಮಾತ್ರ ಕಂಡಿತು. ಹದಿನೈದು ದಿನಕ್ಕೊಮ್ಮೆ ನಾಲ್ವರೂ ಒಟ್ಟಿಗೆ ಬರುತ್ತಿದ್ದರು. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಅಲ್ಲೇ ಬರೆಸಿಕೊಳ್ಳುತ್ತಿದ್ದರು. ಸೂಪರಿಂಟೆಂಡೆಂಟರಿಗೆ ವಿಷಯ ತಿಳಿಯಲು ಎರಡು ಸುತ್ತು ಬೇಕಾಯಿತು. ತಿಳಿದ ಮೇಲೆ ಅವರು ಎರಡು ಕೆಲಸ ಮಾಡಿದರು. ಬೈಂಡರಮ್ಮನ ಅಂಗಡಿಗೆ ಗಂಟು ಕಳಿಸುವುದನ್ನು ನಿಲ್ಲಿಸಿದರು. ಒಮ್ಮೆ ಓದಿದ ಪುಸ್ತಕವನ್ನು ಅದೇ ಕಾರ್ಡಿಗೆ ಒಂದು ವರ್ಷ ಕೊಡತಕ್ಕದ್ದಲ್ಲ ಎಂಬ ಹೊಸ ಹಾಳೆಯನ್ನು ಕೌಂಟರಿನ ಮೇಲೆ ಅಂಟಿಸಿದರು.

ಕೆಲಸ ಹೋದದ್ದು ನಾಟಕವಲ್ಲ, ನಿಜವಾಗಿ ಹೋಯಿತು. ಪ್ರೆಸ್ಸು ದಿನಗಟ್ಟಲೆ ಖಾಲಿ ನಿಂತಿತು. ಶಾಲೆಯ ಹಾಜರಿ ಪುಸ್ತಕ, ವಕೀಲರ ಕಡತ, ಯಾರದೋ ಹಳೆಯ ನಿಘಂಟು, ಸಿಕ್ಕಿದ್ದನ್ನು ಹೊಲಿದಳು. ಗ್ರಂಥಾಲಯದ ಬೇರೆ ಚಿತ್ರಪುಸ್ತಕಗಳೆಲ್ಲ ಕಾರ್ಖಾನೆಗೆ ಹೋಗಿ ಮೊಂಡಾಗಿ ವಾಪಸ್ಸು ಬಂದವು. ಅವನ್ನು ಉಳಿಸಲು ಅವಳಿಂದಾಗಲಿಲ್ಲ. ಗಂಡ ಒಮ್ಮೆ, "ಹೋಗಿ ತಪ್ಪಾಯ್ತು ಅಂದುಬಿಡು, ಏನೀಗ?" ಎಂದ.

"ತಪ್ಪು ಮಾಡಿದ್ದು ಕತ್ತರಿಸಿದಾಗ. ಅದಕ್ಕೆ ಯಾರೂ ತಪ್ಪಾಯ್ತು ಅನ್ನು ಅಂತ ಹೇಳಲಿಲ್ಲ. ಶಹಬ್ಬಾಸ್ ಅಂದ್ರು" ಎಂದಳು. ಮರುದಿನ ಗಂಡ ವ್ಯಾನು ನಿಲ್ಲಿಸುವ ಜಾಗದಲ್ಲಿ ಜೊತೆಯ ಡ್ರೈವರುಗಳಿಗೆ ಒಂಬತ್ತನೆಯ ಸಂಪುಟದ ಪ್ರವಾಹದ ಕಥೆ ಹೇಳಿ, ಮುಂದಿನದನ್ನು ಹೇಳದೆ ಸತಾಯಿಸಿ, ಇಬ್ಬರಿಗೆ ಕಾರ್ಡು ಮಾಡಿಸಿದ. ನರ್ಸಮ್ಮ ತಮ್ಮ ಹಳೆಯ ವಾರ್ಡಿನವರನ್ನು ಹಿಡಿದು ತಂದರು. ಹೊಸ ಹಾಳೆ ಅಂಟಿಸಿದ ಮೇಲೂ ಆರರಿಂದ ಹನ್ನೊಂದರವರೆಗೆ ಒಂದೂ ಕಪಾಟಿಗೆ ಬೀಳಲಿಲ್ಲ.

ಸಿಕ್ಕಿಕೊಂಡದ್ದು ಹನ್ನೆರಡನೆಯದು. ನರ್ಸಮ್ಮ, ಗಂಡ, ಮಾವ ಮೂವರೂ ಅದನ್ನು ಓದಿಯಾಗಿತ್ತು. ಬೈಂಡರಮ್ಮನೇ ಬೇಕೆಂದು ಕೊನೆಗಿಟ್ಟುಕೊಂಡಿದ್ದಳು. ಹದಿನೈದನೆಯ ದಿನ ಬಂತು. ಅವಳಿಗೆ ಗೊತ್ತಿದ್ದ ಹೊಸಬರ ಕಾರ್ಡುಗಳೆಲ್ಲ ತುಂಬಿದ್ದವು, ಬೇರೆ ಯಾರಾದರೂ ಹನ್ನೆರಡರ ಹತ್ತಿರಕ್ಕೆ ಬಂದಿದ್ದಾರೆಂದು ಅವಳಿಗೆ ತಿಳಿದಿರಲಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಅವಳು ಕೌಂಟರಿಗೆ ಹೋದಾಗ ಸೂಪರಿಂಟೆಂಡೆಂಟರು ಸ್ವತಃ ಅಲ್ಲಿ ನಿಂತಿದ್ದರು. ಪಕ್ಕದಲ್ಲಿ ಕಾರ್ಖಾನೆಗೆ ಹೋಗಬೇಕಾದ ಗಂಟು, ಬಿಗಿಯದೆ ಬಿಟ್ಟ ಹಗ್ಗ.

"ಓದಿ ಆಯ್ತೇನಮ್ಮ?"

"ಆಯ್ತು ಸರ್."

"ಸಂತೋಷ. ಈ ಕಡೆ ಕೊಡಿ."

"ನಿಮಗಲ್ಲ. ಕೌಂಟರಿಗೆ ವಾಪಸ್ ಕೊಡ್ತಿದೀನಿ." ಅವಳು ಪುಸ್ತಕವನ್ನು ಕೌಂಟರಿನಾಕೆಯ ಮುಂದಿಟ್ಟಳು, ಆದರೆ ಅಂಗೈ ತೆಗೆಯಲಿಲ್ಲ. "ಸರ್, ಕೊನೇ ಪುಟ ಎಡ ಅಂಚಿಂದ ಬಲ ಅಂಚಿನವರೆಗೂ ಒಂದೇ ಚಿತ್ರ. ಊರಿಗೆ ಊರೇ ದಡದಲ್ಲಿ ನಿಂತಿದೆ. ನಿಮ್ಮ ಅರ್ಧ ಬೆರಳಿಗೆ ಎಷ್ಟು ಜನ ಹೋಗ್ತಾರೆ, ಎಣಿಸಿದೀನಿ. ಹನ್ನೊಂದು. ಇವತ್ತು ಕತ್ತರಿಸಿದ್ರೆ ನಾಳೆ ಆ ಹನ್ನೊಂದು ಜನ ಎಲ್ಲಿ ಅಂತ ಇಲ್ಲೇ ನಿಂತು ಕೇಳ್ತೀನಿ. ದಿನಾ ಕೇಳ್ತೀನಿ. ಕೆಲಸ ಹೇಗೂ ನೀವೇ ತೆಗೆದಿದೀರಿ, ನನಗೆ ಬೇಕಾದಷ್ಟು ಬಿಡುವಿದೆ."

"ಕೈ ತೆಗೀರಿ" ಎಂದರು ಅವರು.

"ಅದು ಹನ್ನೆರಡನೇದಾ?" ಹಿಂದಿನಿಂದ ದನಿ ಬಂತು.

ಮೂವರೂ ತಿರುಗಿದರು. ಖಾಕಿ ಅಂಗಿಯ ಬಸ್ ಕಂಡಕ್ಟರು, ಹೆಗಲಲ್ಲಿ ಟಿಕೆಟಿನ ಚೀಲ. ಬೈಂಡರಮ್ಮ ಅವರನ್ನು ಎಂದೂ ನೋಡಿರಲಿಲ್ಲ.

"ಹತ್ತು ದಿನದಿಂದ ಹನ್ನೊಂದರಲ್ಲೇ ನಿಂತುಬಿಟ್ಟಿದೀನಿ ಮೇಡಂ, ಬಸ್ಸು ಕೆಟ್ಟು ನಿಂತ ಹಾಗೆ. ನನ್ನ ಕಾರ್ಡಿಗೆ ಬರ್ಕೊಳ್ಳಿ. ಬೇಗ ಮಾಡಿ, ಆರು ನಿಮಿಷಕ್ಕೆ ಬಸ್ಸು ಹೊರಡಬೇಕು."

"ಇದು ಬೈಂಡಿಂಗಿಗೆ ಹೋಗ್ತಿದೆ" ಎಂದರು ಸೂಪರಿಂಟೆಂಡೆಂಟರು.

"ಇನ್ನೂ ಕಪಾಟಿಗೇ ಹೋಗಿಲ್ಲ ಸರ್" ಎಂದರು ಕೌಂಟರಿನಾಕೆ. ಈ ಸಲ ಅವರು ಡ್ರಾಯರು ನೋಡಲಿಲ್ಲ. ತಾರೀಖಿನ ಮೊಹರು ಎತ್ತಿ ಟಪ್ಪೆಂದು ಒತ್ತಿದರು.

ಬೈಂಡರಮ್ಮ ಅಂಗೈ ತೆಗೆದಳು. ಕಂಡಕ್ಟರು ಪುಸ್ತಕವನ್ನು ಚೀಲದೊಳಕ್ಕೆ ತುರುಕಿಕೊಂಡು, ಬಾಗಿಲ ಹತ್ತಿರ ಹೋದವರು ತಡೆಯಲಾರದೆ ತಿರುಗಿ ಕೇಳಿದರು. "ನೀವು ಓದಿದೀರಲ್ಲ, ಕೊನೆಗೆ ಅವಳು ಬಾಯಿ ಬಿಟ್ಟು ಮಾತಾಡ್ತಾಳಾ?"

"ಹೇಳಲ್ಲ, ಓದಿ" ಎಂದಳು ಬೈಂಡರಮ್ಮ, ಸೂಪರಿಂಟೆಂಡೆಂಟರ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ. "ಆದ್ರೆ ವಾಪಸ್ ಕೊಡೋಕೆ ಬರುವಾಗ ಮಾತ್ರ ಒಬ್ಬರೇ ಬರಬೇಡಿ."