ಉಂಟು ಎಂದರೆ ಔಟ್

ಮೊನ್ನೆ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನೊಬ್ಬ ಬಾಗಿಲಿಗೆ ಜೋತುಬಿದ್ದು, "ಮೂಡುಬಿದಿರೆ, ಮೂಡುಬಿದಿರೆ, ಸೀಟುಂಟು, ಸೀಟುಂಟು" ಎಂದು ಕೂಗುತ್ತಿದ್ದ. ನನ್ನ ಬಾಯಿಂದ "ಔಟ್" ಎಂದು ಬಂದುಬಿಟ್ಟಿತು. ಮೆಲ್ಲಗೆ ಬಂದಿದ್ದರೆ ಸಾಗುತ್ತಿತ್ತು, ಜೋರಾಗಿಯೇ ಬಂತು. ಕಂಡಕ್ಟರ್ ಒಮ್ಮೆ ಬಸ್ಸಿನೊಳಗೆ ಇಣುಕಿ ನೋಡಿ, ಸೀಟು ಉಂಟಲ್ಲ ಮೇಡಂ ಎಂದ. ಅವನಿಗೆ ಏನೆಂದು ವಿವರಿಸುವುದು ಹೇಳಿ. ನಾನು ತಲೆತಗ್ಗಿಸಿಕೊಂಡು ಹತ್ತಿ ಕೂತೆ. ಈ ಅವಮಾನಕ್ಕೂ ಝೊಹರಾಳೇ ಕಾರಣ. ಅವಳನ್ನು ನೋಡಲಿಕ್ಕೆಂದೇ ನಾನು ಮೂಡುಬಿದಿರೆಗೆ ಹೊರಟಿದ್ದೆ. ಮರುದಿನ ಅವಳ ಕುತ್ತಿಗೆಯ ಆಪರೇಶನ್ ಇತ್ತು.

ಝೊಹರಾ ನನ್ನ ಹೈಸ್ಕೂಲಿನ ಜೊತೆಗಾತಿ. ಬೆಳ್ತಂಗಡಿ ಪೇಟೆಯಲ್ಲಿ ಅವಳ ಮಾವನ ಕಿರಾಣಿ ಅಂಗಡಿ ಇತ್ತು. ಅಲ್ಲಿಗೆ ಸಾಮಾನು ಕಟ್ಟಲು ಹಳೆಯ ವಾರಪತ್ರಿಕೆಗಳು ಕಟ್ಟುಗಟ್ಟಲೆ ಬರುತ್ತಿದ್ದವು. ಆ ರದ್ದಿಯೊಳಗೆ ನಮಗೊಂದು ಧಾರಾವಾಹಿ ಸಿಕ್ಕಿತು. ಮೈಸೂರಿನ ಒಂದು ದೊಡ್ಡ ಮನೆ, ಅದರಲ್ಲಿ ವಸುಂಧರಾ ಎಂಬ ಅತ್ತಿಗೆ, ಪದ್ಮಜಾ ಎಂಬ ನಾದಿನಿ. ಸಿಕ್ಕಿದ್ದೇನೋ ಸಿಕ್ಕಿತು, ಆದರೆ ಅನುಕ್ರಮವಾಗಿ ಸಿಗಬೇಕಲ್ಲ! ಒಂದು ಕಂತಿನ ಕೊನೆಗೆ ವಸುಂಧರಾ ಬೀರುವಿನ ಬೀಗ ತೆಗೆಯುತ್ತಿದ್ದಾಳೆ, ಮುಂದಿನ ಕಂತು ಯಾರದೋ ಮನೆಗೆ ಬೆಲ್ಲ ಸುತ್ತಿಕೊಂಡು ಹೋಗಿದೆ. ಕಳೆದುಹೋದ ಕಂತುಗಳನ್ನು ನಾವೇ ಕಟ್ಟತೊಡಗಿದೆವು. ಬರೆಯುತ್ತಿರಲಿಲ್ಲ, ಆಡುತ್ತಿದ್ದೆವು. ಶಾಲೆಯಿಂದ ಮಡಂತ್ಯಾರು ಕಡೆಯ ಬಸ್ಸಿನಲ್ಲಿ ಮನೆಗೆ ಹೋಗುವಷ್ಟೂ ಹೊತ್ತು ಅವಳು ವಸುಂಧರಾ, ನಾನು ಪದ್ಮಜಾ. ಸಿಕ್ಕ ಕಂತುಗಳು ಮುಗಿದ ಮೇಲೂ ಕಥೆ ಮುಗಿಯಲಿಲ್ಲ.

ಅದಕ್ಕೊಂದು ನಿಯಮ ಬೇಕಾಯಿತು. ನಮ್ಮ ಮನೆಯಲ್ಲಿ ತುಳು, ಅವಳ ಮನೆಯಲ್ಲಿ ಬ್ಯಾರಿ, ನಾವಿಬ್ಬರು ಸೇರಿದರೆ ತುಳು. ಕನ್ನಡವೆಂದರೆ ಮೇಷ್ಟರ ಎದುರು ಕೈಕಟ್ಟಿ ಆಡುವ ಭಾಷೆ. ಅದೂ 'ಬರ್ತೇನೆ', 'ಹೋಗ್ತೇನೆ' ಎನ್ನುವ ನಮ್ಮೂರ ಕನ್ನಡ. ಧಾರಾವಾಹಿಯ ದೊಡ್ಡ ಮನೆಯವರಾದರೋ 'ಬರ್ತೀನಿ ಕಣೇ' ಎನ್ನುವವರು. ಅವರ ಮನೆಯಲ್ಲಿ ಎಲ್ಲವೂ 'ಇದೆ', ಯಾವುದೂ 'ಉಂಟು' ಅಲ್ಲ. ಆದ್ದರಿಂದ ಝೊಹರಾ ಕಾನೂನು ಹೊರಡಿಸಿದಳು: ತುಳು ಬಂದರೆ ಔಟ್, ಬ್ಯಾರಿ ಬಂದರೆ ಔಟ್, ಉಂಟು ಎಂದರೂ ಔಟ್. ಔಟ್ ಆದವಳು ಕಿಟಕಿ ಬದಿಯ ಸೀಟು ಬಿಟ್ಟುಕೊಡಬೇಕು.

ಹೈಸ್ಕೂಲು ಮುಗಿಯುವವರೆಗೆ ನಾನು ಕಿಟಕಿ ಬದಿ ಕೂತದ್ದೇ ಇಲ್ಲ ಎನ್ನಬೇಕು. ನಾಲಿಗೆ ನಮ್ಮ ಮಾತು ಕೇಳಬೇಕಲ್ಲ! ಒಂದು ದಿನ ಪದ್ಮಜಾಳ ಪ್ರೇಮಭಂಗದ ಕಂತು. ನಾನು ಕಣ್ಣಿನಲ್ಲಿ ನಿಜವಾದ ನೀರು ತಂದುಕೊಂಡು, ಕಂಡಕ್ಟರ್ ಕೂಡ ಟಿಕೆಟ್ ಕೇಳಲು ಹಿಂಜರಿಯುವ ಹಾಗೆ, "ಅತ್ತಿಗೆ, ನನ್ನ ಎದೆಯಲ್ಲಿ ಬೆಂಕಿ ಉಂಟು" ಎಂದೆ. ಝೊಹರಾ ಕಣ್ಣು ಮಿಟುಕಿಸದೆ "ಔಟ್" ಎಂದಳು. ಬೆಂಕಿಯನ್ನೂ ಚೀಲವನ್ನೂ ಎತ್ತಿಕೊಂಡು ನಾನು ಈಚೆ ಸರಿದು ಕೂತೆ.

ಅವಳು ಮಾತ್ರ ಒಮ್ಮೆಯೂ ಔಟ್ ಆಗಲಿಲ್ಲ. ಮೊದಮೊದಲು ಅದು ನನಗೆ ಮೆಚ್ಚುಗೆಯಾಗಿತ್ತು, ಆಮೇಲೆ ತಲೆಬಿಸಿಯಾಯಿತು, ಕೊನೆಗೆ ಮೈಯೆಲ್ಲ ಉರಿಯತೊಡಗಿತು. ಆಟಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಲೆಕ್ಕದ ಮೇಷ್ಟರು ಹೋಮ್‌ವರ್ಕ್ ಉಂಟಾ ಎಂದು ಕೇಳಿದರೆ ಇಡೀ ತರಗತಿ "ಉಂಟು ಸಾರ್" ಎನ್ನುವಾಗ ಇವಳೊಬ್ಬಳದು "ಇದೆ ಸಾರ್". ಇನ್ನೊಂದು ಸಲ ಬಸ್ಸಿನ ಬಾಗಿಲಿಗೆ ಸಿಕ್ಕಿ ಅವಳ ಕಾಲಬೆರಳು ಜಜ್ಜಿಹೋಯಿತು. ಚಪ್ಪಲಿ ತುಂಬ ರಕ್ತ. ಬಸ್ಸಿನವರೆಲ್ಲ ಅಯ್ಯೋ ಎನ್ನುತ್ತಿದ್ದಾರೆ, ನಾನಂತೂ ತುಳುವಿನಲ್ಲಿ ಇದ್ದಬದ್ದ ದೈವಗಳನ್ನೆಲ್ಲ ಕರೆಯುತ್ತಿದ್ದೇನೆ. ಇವಳು ಕಂಬಿ ಹಿಡಿದು ನಿಂತು, "ಸ್ವಲ್ಪ ನೋವಿದೆ ಕಣೇ, ಅಷ್ಟೆ" ಎಂದಳು. ಆ ಕಾಲಿಗೆ ಇನ್ನೊಂದು ತುಳಿತ ಕೊಡುವ ಎಂದು ನನಗೆ ಅನಿಸಿದ್ದು ಸುಳ್ಳಲ್ಲ.

ಅವಳ ತಂದೆ ಗಲ್ಫಿನಲ್ಲಿದ್ದರು. ಶುಕ್ರವಾರ ಶುಕ್ರವಾರ ಮಾವನ ಅಂಗಡಿಯ ಫೋನಿಗೆ ಅವರ ಕರೆ ಬರುತ್ತಿತ್ತು. ನಾವು ಹತ್ತನೆಯಲ್ಲಿದ್ದಾಗ ಆ ಕರೆ ನಿಂತುಹೋಯಿತು. ಒಂದು ಶುಕ್ರವಾರ ಇಲ್ಲ, ಮುಂದಿನದೂ ಇಲ್ಲ. ಮಳೆಗಾಲ ಕಳೆಯಿತು, ಆಗಲೂ ಇಲ್ಲ. ಪೇಟೆಯಲ್ಲಿ ಜನ ತಲೆಗೊಂದು ಮಾತಾಡಿದರು. ಅವಳ ತಾಯಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಫೋನಿನ ಪಕ್ಕ ಕೂತಿರುತ್ತಿದ್ದುದನ್ನು ನಾನೇ ನೋಡಿದ್ದೇನೆ. ಒಂದು ಸಂಜೆ ಬಸ್ಸಿನಲ್ಲಿ ತಡೆಯಲಾರದೆ ಝೊಹರಾಳ ಕೈ ಹಿಡಿದು, ಏನಾಯಿತು ಹೇಳೇ ಎಂದು ತುಳುವಿನಲ್ಲಿ ಕೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಾ, "ನಮ್ಮ ಯಜಮಾನರು ಬರ್ತಾರೆ ಪದ್ಮಜಾ. ದೊಡ್ಡ ಮನೆಯವರು ಅದಕ್ಕೆಲ್ಲ ಅಳೋದಿಲ್ಲ ಕಣೇ" ಎಂದಳು. ತಂದೆ ಹೋಗಿ ಯಜಮಾನರಾಗಿದ್ದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಎದ್ದು ಹೋಗಿ ಡ್ರೈವರನ ಹಿಂದೆ ಮೀನಿನ ಬುಟ್ಟಿಯ ಪಕ್ಕ ಕೂತೆ. ಆ ಸಿಟ್ಟು ಸರಿಯೇ ಇತ್ತೆಂದು ಈಗಲೂ ನನ್ನ ಅಭಿಪ್ರಾಯ. ಪಾತ್ರದೊಳಗೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡರೆ, ಹೊರಗೆ ನಿಂತವರು ಎಷ್ಟು ಹೊತ್ತು ಬಾಗಿಲು ಬಡಿಯುವುದು?

ತಂದೆ ಮರಳಿ ಬಂದರು. ಅಲ್ಲಿ ಕಾಯಿಲೆ ಬಿದ್ದು ಯಾವುದೋ ಆಸ್ಪತ್ರೆಯಲ್ಲಿ ಇದ್ದರಂತೆ. ಬಂದ ದಿನ ಅವಳು ಶಾಲೆಗೆ ಖರ್ಜೂರ ತಂದು ಎಲ್ಲರಿಗೂ ಹಂಚಿದಳು. ಆ ತಿಂಗಳುಗಳ ಬಗ್ಗೆ ತುಟಿ ಪಿಟಕ್ ಎನ್ನಲಿಲ್ಲ.

ಕಾಲೇಜಿಗೆಂದು ನಾನು ಮೂಡುಬಿದಿರೆಗೆ ಹೋದಾಗ ಅಲ್ಲಿನ ಲೈಬ್ರರಿಯಲ್ಲಿ ಆ ಧಾರಾವಾಹಿ ಇಡೀ ಪುಸ್ತಕವಾಗಿ ಸಿಕ್ಕಿತು. ನಿಂತಲ್ಲೇ ಕೊನೆಯ ಪುಟಗಳನ್ನು ಓದಿದೆ. ವಸುಂಧರಾ ಗಂಡನ ಕಾಲು ಹಿಡಿದು ಗೊಳೋ ಎಂದು ಅಳುತ್ತಾಳೆ! ನನಗೆ ಸ್ವರ್ಗ ಸಿಕ್ಕಿದಷ್ಟು ಖುಷಿ. ಅಷ್ಟರಲ್ಲಿ ಝೊಹರಾಳಿಗೆ ಅದೇ ಊರಿನ ಬಟ್ಟೆ ವ್ಯಾಪಾರಿಯ ಜೊತೆ ಮದುವೆಯಾಗಿತ್ತು. ಪುಸ್ತಕ ಹಿಡಿದುಕೊಂಡು ಅವಳ ಮನೆಗೆ ಓಡಿದೆ. ಅವಳು ಓದಿ, ಮಡಚಿ, ನನ್ನ ಕೈಗೆ ಕೊಟ್ಟು, "ವಸುಂಧರಾ ಹಾಗೆ ಮಾಡೋಳಲ್ಲ. ಬರೆದವರಿಗೆ ಕೊನೆಕೊನೆಗೆ ಅವಳು ಯಾರು ಅನ್ನೋದೇ ಮರೆತುಹೋಗಿದೆ ಕಣೇ" ಎಂದಳು. ಅಂದರೆ ಕಥೆ ಹೆತ್ತವರನ್ನೇ ಔಟ್ ಮಾಡಿಬಿಟ್ಟಳು. ಇಂಥವಳ ಹತ್ತಿರ ಏನು ವಾದ ಮಾಡುವುದು?

ಬಿ.ಸಿ. ರೋಡಿನಲ್ಲಿರುವ ನನ್ನ ಅಣ್ಣನ ಮಗಳು ಈಗ ಸೈಬರ್ ಕೆಫೆಗೆ ಹೋಗಿ ಕಾಣದ ಊರಿನವರ ಜೊತೆ ಇಂಥದೇ ಆಟ ಆಡುತ್ತಾಳೆ. ಅವಳೊಬ್ಬಳು ಮಾಟಗಾತಿಯಂತೆ, ಇನ್ನೊಬ್ಬರು ಸೇನಾಪತಿಯಂತೆ, ಎಲ್ಲ ಟೈಪು ಮಾಡಿಯೇ ನಡೆಯುವುದಂತೆ. ನಡುವೆ ಅಪ್ಪ ಕರೆದರೆ ಏನು ಮಾಡುತ್ತೀ ಎಂದು ಕೇಳಿದೆ. "ಬ್ರ್ಯಾಕೆಟ್ ಹಾಕುದು ಅತ್ತೆ. ಬ್ರ್ಯಾಕೆಟಿನೊಳಗೆ ಬರೆದದ್ದು ಮಾಟಗಾತಿ ಹೇಳಿದ್ದಲ್ಲ, ನಾನು ಹೇಳಿದ್ದು" ಎಂದಳು. ಎಷ್ಟು ಸುಲಭ ನೋಡಿ! ಈ ಬ್ರ್ಯಾಕೆಟ್ ನಮ್ಮ ಕಾಲಕ್ಕೆ ಸಿಕ್ಕಿದ್ದರೆ ನನ್ನ ಅರ್ಧ ರಕ್ತದೊತ್ತಡ ಕಡಿಮೆಯಾಗುತ್ತಿತ್ತು.

ಕಳೆದ ವಾರ ಝೊಹರಾಳ ಫೋನು ಬಂತು. ಬಟ್ಟೆಯ ರೇಟು, ಮಕ್ಕಳ ಶಾಲೆ ಎಲ್ಲ ಮುಗಿದ ಮೇಲೆ, "ಕುತ್ತಿಗೇಲಿ ಒಂದು ಗಂಟಿದೆಯಂತೆ ಪದ್ಮಜಾ. ತೆಗೀತಾರಂತೆ. ಸ್ವರ ಹೋದರೂ ಹೋಗಬಹುದಂತೆ, ಮೊದಲಿನ ಹಾಗೆ ಬಂದರೂ ಬರಬಹುದಂತೆ" ಎಂದಳು, ಬೀರುವಿನ ಬೀಗ ತೆಗೆಯುವ ಅದೇ ಗತ್ತಿನಲ್ಲಿ. ಇಷ್ಟು ವರ್ಷ ಗಂಟಲೊಳಗೆ ಕಟ್ಟಿಟ್ಟದ್ದೆಲ್ಲ ಗಂಟಾಗದೆ ಇನ್ನೇನಾಗುತ್ತದೆ ಎಂದು ಹೇಳಬೇಕೆನಿಸಿತು. ಅದರ ಬದಲು, ಒಮ್ಮೆಯಾದರೂ ಬ್ರ್ಯಾಕೆಟ್ ಹಾಕಿ ಮಾತಾಡು ಮಾರಾಯ್ತಿ, ನಿನಗೆ ಏನಾಗ್ತಾ ಉಂಟು ಎಂದು ಕಿರುಚಿದೆ. ಆಚೆಯಿಂದ ಬಂದದ್ದು ಒಂದೇ ಶಬ್ದ: "ಔಟ್." ನಾನು ಫೋನು ಕುಕ್ಕಿದೆ.

ಕುಕ್ಕಿದ ಮೇಲೂ ಹೋಗದೆ ಇರಲಾದೀತೇ? ಹಾಗೆ ಹೊರಟವಳು ಸಂಜೆಗೆ ಮೂಡುಬಿದಿರೆಯ ಆಸ್ಪತ್ರೆ ಮುಟ್ಟಿದೆ. ಭೇಟಿಯ ಹೊತ್ತು ಮುಗಿದಿತ್ತು. ವಾರ್ಡಿನ ಬಾಗಿಲಲ್ಲಿ ನರ್ಸು ತಡೆದು, ಮನೆಯವರು ಮಾತ್ರ ಒಳಗೆ ಎಂದಳು. ಪೇಶಂಟಿಗೆ ನೀವು ಏನಾಗಬೇಕು ಎಂದು ಕೇಳಿದಳು. ಒಳಗೆ ಮಂಚದ ಮೇಲೆ ತಲೆಗೆ ಶಾಲು ಹೊದ್ದು ಝೊಹರಾ ಒಬ್ಬಳೇ ಕೂತಿದ್ದಳು, ಗಂಡ ಮಕ್ಕಳನ್ನು ನೋಡಿಕೊಳ್ಳಲು ಮನೆಗೆ ಹೋಗಿರಬೇಕು. ನನ್ನನ್ನು ನೋಡಿದಳು. ಅಂಥ ಮುಖ ನಾನು ಮಾವನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಫೋನಿನ ಪಕ್ಕ ಕೂತ ಅವಳ ತಾಯಿಯಲ್ಲಿ, ನೋಡಿದ್ದೆ.

"ನಾದಿನಿ" ಎಂದೆ. "ಅವರು ನಮ್ಮ ಅತ್ತಿಗೆ. ಮೈಸೂರಿನ ಕಡೆಯವರು ನಾವು. ಅವರಿಗೆ ನಾನು ಹತ್ತಿರ ಇದ್ದರೇ ಸಮಾಧಾನ ಕಣಮ್ಮ, ಬೇರೆ ಯಾರೂ ಇಲ್ಲಿಲ್ಲ, ನಾನೇ ಇರ್ತೀನಿ."

ಒಂದು 'ಉಂಟು' ಇಲ್ಲ, ಒಂದು 'ಇರ್ತೇನೆ' ಇಲ್ಲ. ಜನ್ಮದಲ್ಲೇ ಮೊದಲ ಸಲ. ನರ್ಸು ನನ್ನ ಹಣೆಯ ಕುಂಕುಮ ನೋಡಿದಳು, ಕೈಯಲ್ಲಿದ್ದ ಕಾಗದದ ಹೆಸರು ನೋಡಿದಳು, ಕೊನೆಗೆ ಝೊಹರಾಳ ಕಡೆ ತಿರುಗಿ ಹೌದಾ ಎಂದಳು. ಝೊಹರಾ ಗಂಭೀರವಾಗಿ ತಲೆಯಾಡಿಸಿದಳು. ನರ್ಸು ನಮ್ಮನ್ನು ನಂಬಿದಳೋ ಇಲ್ಲವೋ, ಬಾಗಿಲಂತೂ ಬಿಟ್ಟಳು.

ನಾನು ಮಂಚದ ಹತ್ತಿರ ನಿಂತೆ. ಕಿಟಕಿ ಬದಿಗೆ ಅವಳೇ ಕೂತಿದ್ದಳು, ಇನ್ನೆಲ್ಲಿ ಕೂರುತ್ತಾಳೆ. ನನ್ನ ಸೆರಗಿನ ತುದಿ ಹಿಡಿದುಕೊಂಡಳು. ಮತ್ತೆ ಏನೋ ದೊಡ್ಡ ಮನೆಯ ಮಾತು ಬರುತ್ತದೆಂದು ನಾನು ಹಲ್ಲು ಕಚ್ಚಿ ಕಾಯುತ್ತಿದ್ದೆ.

"ಹೆದರಿಕೆ ಉಂಟು ಮಾರಾಯ್ತಿ" ಎಂದಳು.

ಇಷ್ಟು ವರ್ಷ ಕಾದ ಮಾತು. ಔಟ್ ಎನ್ನಲು ನನಗೆ ಬಾಯಿಯೇ ಬರಲಿಲ್ಲ. ಅವಳು ಕಣ್ಣೊರೆಸಿಕೊಂಡಳು, ಕಾಲು ಮಡಚಿದಳು, ಮೆಲ್ಲಗೆ ಈಚೆಗೆ ಸರಿದು ಕಿಟಕಿ ಬದಿಯ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದಳು. ನಾನು ಸುತ್ತಿ ಹೋಗಿ ಅಲ್ಲಿ ಕೂತೆ.